‘ಆತು’ ಅಂದದ್ದು ಯಾವುದಕ್ಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ ಸೀಮೆಯವರಿಗೆ ಅಬ್ಬಿ ನೀರು ಅಂದರೆ ಏನಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ಮೇಲಿನ ಹಳ್ಳಕ್ಕೆ ಪೈಪು ಹಾಕಿದರೆ ಆಯಿತು. ಮೋಟಾರು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ನೀರು ತಾನೇ ಬಂದು ಟಾಕಿಗೆ ಬೀಳುತ್ತದೆ. ನಮ್ಮೂರಲ್ಲಿ ಒಂಬತ್ತು ಮನೆಗೆ ಒಂದೇ ಪೈಪು. ಅದನ್ನು ನೋಡಿಕೊಳ್ಳಲು ಒಂದು ವಾಟ್ಸಾಪ್ ಗ್ರೂಪು.

ಹೋದ ಮಳೆಗಾಲದಲ್ಲಿ ಮರದ ಟೊಂಗೆ ಬಿದ್ದು ಪೈಪು ಒಡೆಯಿತು. ಒಬ್ಬರು ಗ್ರೂಪಲ್ಲಿ ಕೇಳಿದರು, “ಪೇಟೆಯಿಂದ ಜಾಯಿಂಟು ಯಾರು ತರ್ತೀರಿ?” ಇನ್ನೊಬ್ಬರು, “ನಾಳೆ ಬೆಳಗ್ಗೆ ಬೆಟ್ಟ ಹತ್ತೋಣವಾ?” ನಡುವೆ ಮತ್ತೊಬ್ಬರು, “ಅಡಿಕೆ ಮರಕ್ಕೆ ಮದ್ದು ಹೊಡೆಯೋಕೆ ಕೊನೆಗೌಡ ನಾಳೆ ಯಾರ ಮನೆಗೆ?” ಕೆಳಗಿನಮನೆ ಅಣ್ಣನಿಗೆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಂಜೆ ಗುಡ್ಡದ ತಲೆಗೆ ಹೋದಾಗ ನಲವತ್ತಕ್ಕೂ ಜಾಸ್ತಿ ಮೆಸೇಜು ಒಟ್ಟಿಗೆ ಬಂದವು. “ಆತು” ಅಂತ ಬರೆದು ಇಳಿದರು. ಅವರು ಒಪ್ಪಿದ್ದು ಬೆಟ್ಟ ಹತ್ತಲು. ನಾವು ತಿಳಿದದ್ದು ಜಾಯಿಂಟು ತರಲು.

ಮರುದಿನ ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಎಂಟು ಜನ ಮೇಲೆ ಹೋದೆವು. ಜಾಯಿಂಟೇ ಇಲ್ಲ. ಬಾಣಂತಿ ಇದ್ದ ಮನೆಗೂ ಮೂರು ದಿನ ಬಾವಿಯಿಂದ ನೀರು ಹೊರಬೇಕಾಯಿತು.

ಇದರಲ್ಲಿ ಯಾರ ಉದಾಸೀನವೂ ಇರಲಿಲ್ಲ. ಚಾಟ್‌ನಲ್ಲಿ ಮಾತುಗಳು ಬಂದ ಸರದಿಯಲ್ಲಿ ನಿಲ್ಲುತ್ತವೆ, ವಿಷಯದ ಸರದಿಯಲ್ಲಿ ಅಲ್ಲ. ಜಗಲಿಯಲ್ಲಿ ಕೂತು ಮಾತಾಡುವಾಗ ಯಾರ ಮುಖ ನೋಡಿ ‘ಆತು’ ಅಂದರು ಅಂತ ಗೊತ್ತಾಗುತ್ತದೆ, ಅಲ್ವಾ? ಚಾಟ್‌ನಲ್ಲಿ ಆ ಮುಖವಿಲ್ಲ.

ಮೊದಲಿಂದಲೂ ಹೀಗೇ ಇತ್ತು ಅಂತಲ್ಲ. 1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರುಗಳಲ್ಲಿ ಟಾಕೋಮ್ಯಾಟಿಕ್ ಅನ್ನುವ ಚಾಟ್ ಬಂತು. ಅದರಲ್ಲಿ ಐದು ಜನ ಮಾತಾಡಬಹುದಿತ್ತು. ಪರದೆಯ ಮೇಲೆ ಒಬ್ಬೊಬ್ಬರಿಗೂ ಬೇರೆ ಜಾಗ. ಬರೆಯುತ್ತಿದ್ದಂತೆ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. 1988ರಲ್ಲಿ ಫಿನ್ಲೆಂಡಿನ ಯಾರ್ಕೋ ಓಯ್ಕರಿನೆನ್ ಐಆರ್‌ಸಿ ಅನ್ನುವ ಚಾಟ್ ಮಾಡಿದರು. ಅಲ್ಲಿ ಎಲ್ಲರ ಮಾತೂ ಒಂದರ ಕೆಳಗೊಂದು ಸಾಲಾಗಿ ಬರುತ್ತಿತ್ತು. ಇವತ್ತು ನಮ್ಮ ಮೊಬೈಲಲ್ಲಿ ಇರುವುದೂ ಆ ಸಾಲೇ. ಹರಟೆಗೆ ಅದು ಸಾಕು. ಒಂಬತ್ತು ಮನೆಯ ಕೆಲಸಕ್ಕೆ ಸಾಲದು.

ಆಮೇಲೆ ನಾವು ಕೂತು ಮಾತಾಡಿದೆವು. ಯಾವ ಮೆಸೇಜಿಗೆ ಉತ್ತರವೋ ಅದನ್ನೇ ಬಲಕ್ಕೆ ಎಳೆದು ಬರೆಯುವುದು. ಹೆಬ್ಬೆರಳಿನ ಚಿತ್ರ ಹಾಕಿದರೆ ‘ಓದಿದೆ’ ಅಂತ ಮಾತ್ರ ಅರ್ಥ. ಕೆಲಸ ಒಪ್ಪಿಕೊಂಡವರು ಏನು, ಯಾವಾಗ ಅಂತ ಬರೆಯಲೇಬೇಕು. ಗಟ್ಟಿಯಾದ ತೀರ್ಮಾನವನ್ನು ಪಿನ್ ಮಾಡುತ್ತೇವೆ. ಏಳು ದಿನ ಅದು ಮೇಲೇ ಇರುತ್ತದೆ. ಗುಡ್ಡ ಹತ್ತಿ ಬಂದವರು ಮೊದಲು ಅದನ್ನು ನೋಡಿದರೆ ಸಾಕು.

ಹಿರಿಯರು ಧ್ವನಿ ಮೆಸೇಜು ಕಳಿಸುತ್ತಾರೆ. ಅದು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಮೇಲಿನಮನೆ ಅಜ್ಜನಷ್ಟು ಆ ಪೈಪಿನ ದಾರಿ ಬಲ್ಲವರು ಬೇರೆ ಯಾರೂ ಇಲ್ಲ. ಅವರು ಹೇಳಿದ್ದನ್ನು ಮೊಮ್ಮಗಳು ಕೇಳಿ, ಕೆಳಗೆ ಒಂದು ಸಾಲು ಬರೆಯುತ್ತಾಳೆ, ಕನ್ನಡ ಅಕ್ಷರದಲ್ಲೇ. ಇಂಗ್ಲಿಷ್ ಅಕ್ಷರದಲ್ಲಿ ‘ನೀರು’ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಆಮೇಲೆ ಹುಡುಕಿದಾಗ ಸಿಗುವುದೇ ಇಲ್ಲ.

ಚಾಟ್ ತಯಾರಿಸುವವರ ಹತ್ತಿರ ನನ್ನದೊಂದು ಬೇಡಿಕೆ ಇದೆ. ಒಬ್ಬರು ಉತ್ತರ ಬರೆಯುವಾಗ ಎಲ್ಲಿಯವರೆಗೆ ಓದಿದ್ದರು ಅಂತ ಪಕ್ಕದಲ್ಲಿ ಒಂದು ಸಣ್ಣ ಗುರುತು ಇರಲಿ. ನೆಟ್‌ವರ್ಕ್ ಬಂದು ಹೋಗುವ ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಅದರಿಂದ ತುಂಬಾ ಉಪಕಾರವಾಗುತ್ತದೆ.

ಈ ಭಾನುವಾರ ನಮ್ಮಲ್ಲಿ ಟಾಕಿ ತೊಳೆಯುವ ಕೆಲಸ. ಪಿನ್ ಮಾಡಿದ್ದೇವೆ. ನಿನ್ನೆ ಸಂಜೆ ಕೆಳಗಿನಮನೆ ಅಣ್ಣ ಗುಡ್ಡ ಹತ್ತಿ, ಆ ಮೆಸೇಜನ್ನೇ ಎಳೆದು ಬರೆದಿದ್ದಾರೆ: “ಬ್ರಷ್ಷು, ಬ್ಲೀಚಿಂಗ್ ಪೌಡರು ನಾನು ತರ್ತೇನೆ. ಬೆಳಗ್ಗೆ ಏಳಕ್ಕೆ ಟಾಕಿ ಹತ್ತಿರ ಇರ್ತೇನೆ.”

ನಮಸ್ಕಾರ.