ನೀನ್ಯಾವ ದೊಣ್ಣೆನಾಯಕ?

[ದೃಶ್ಯ: ಬಡಾವಣೆಯ ರಸ್ತೆ. ಮನೆ ಮುಂದೆ ಹೂಕುಂಡ, ಕಲ್ಲು, ‘ನೋ ಪಾರ್ಕಿಂಗ್’ ಬೋರ್ಡು]

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇದು ಕಾಣುತ್ತದೆ. ರಸ್ತೆ ಎಲ್ಲರದ್ದು. ಆದರೆ ಅಲ್ಲಿ ಕಾರು ನಿಲ್ಲಿಸಿದರೆ ಸಾಕು, ಬನಿಯನ್ ಹಾಕಿಕೊಂಡ ಯಜಮಾನರು ಗೇಟು ತೆಗೆದು ಬರುತ್ತಾರೆ. “ಯಾರನ್ನ ಕೇಳಿ ನಿಲ್ಲಿಸಿದ್ರಿ?” ಆಗ ನಾಲಿಗೆ ತುದಿಗೆ ಬರುವ ಮಾತು: “ಕೇಳೋಕೆ ನೀನ್ಯಾವ ದೊಣ್ಣೆನಾಯಕ?”

[ಪರದೆ ಮೇಲೆ: ದಂಡನಾಯಕ – ದಣ್ಣಾಯಕ – ದೊಣ್ಣೆನಾಯಕ]

ದೊಣ್ಣೆ ಹಿಡಿದ ರೌಡಿ ಅಂದುಕೊಂಡಿದ್ದೀರಾ? ಅಲ್ಲ. ಮೂಲದಲ್ಲಿ ಈತ ಭಾರೀ ಮರ್ಯಾದಸ್ಥ. ದಂಡನಾಯಕ, ಅಂದರೆ ಸೇನಾಪತಿ. ದಂಡು ಅಂದರೆ ಸೈನ್ಯ, ಅಲ್ವಾ? ನಮ್ಮ ಕಂಟೋನ್ಮೆಂಟಿಗೆ ದಂಡು ಅನ್ನೋದೂ ಅದಕ್ಕೇ. 1809ರಲ್ಲಿ ಬ್ರಿಟಿಷರು ಸೈನ್ಯ ತಂದು ಇಳಿಸಿದ ಜಾಗ ಅದು.

ದಂಡನಾಯಕ ಜನರ ಬಾಯಲ್ಲಿ ಸವೆದು ದಣ್ಣಾಯಕ ಆಯಿತು. ಹಳೇ ಶಾಸನಗಳಲ್ಲೇ ಈ ರೂಪ ಸಿಗುತ್ತದೆ. ಆಮೇಲೆ ರಾಜರು ಹೋದರು, ಹುದ್ದೆಯೂ ಹೋಯಿತು. ‘ದಣ್ಣ’ ಏನಂತ ತಿಳಿಯದ ಜನ ತಮಗೆ ಗೊತ್ತಿದ್ದ ದೊಣ್ಣೆಯನ್ನು ತಂದು ಅಲ್ಲಿ ಕೂರಿಸಿದರು. ತಮಾಷೆ ನೋಡಿ, ಸಂಸ್ಕೃತದ ‘ದಂಡ’ಕ್ಕೂ ಕೋಲು ಅನ್ನೋ ಅರ್ಥ ಇದೆ. ದಾರಿ ತಪ್ಪಿದರೂ ಸರಿಯಾದ ಮನೆಗೇ ಬಂದ ಹಾಗಾಯಿತು.

[ದೃಶ್ಯ: ಸೋಮನಾಥಪುರದ ಕೇಶವ ದೇವಸ್ಥಾನ]

ಅಸಲಿ ದಂಡನಾಯಕನ ಕೆಲಸ ನೋಡಬೇಕಾ? ಸೋಮನಾಥಪುರಕ್ಕೆ ಹೋಗಿ. 1258ರಲ್ಲಿ ಈ ದೇವಸ್ಥಾನ ಕಟ್ಟಿಸಿದವನು ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮ. ಊರಿಗೂ ತನ್ನ ಹೆಸರನ್ನೇ ಇಟ್ಟ. ಅಷ್ಟು ಮಾಡಿದವನು ಸ್ವಲ್ಪ ಜಂಬ ಪಟ್ಟರೆ ಒಪ್ಪಬಹುದು ಬಿಡಿ.

[ದೃಶ್ಯ: ಮತ್ತೆ ಸ್ಟುಡಿಯೋ]

ಈ ಮಾತಿನ ಖಾರ ಇರೋದು ‘ಯಾವ’ ಅನ್ನೋದರಲ್ಲಿ. “ಅವನು ದೊಣ್ಣೆನಾಯಕ” ಅಂತ ಸುಮ್ನೆ ಹೇಳಿದರೆ ಸಪ್ಪೆ. ಪ್ರಶ್ನೆ ಹಾಕಲೇಬೇಕು: “ಅವನ್ಯಾವೂರ ದೊಣ್ಣೆನಾಯಕ?” “ಅವನೇನು ದೊಡ್ಡ ದೊಣ್ಣೆನಾಯಕನಾ?” ನಿನಗೆ ಈ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದ ಹಾಗೆ. ನಿಮ್ಮ ಮನೆಗೆ ಯಾರು ಬರಬೇಕು, ಯಾರು ಬರಬಾರದು ಅಂತ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಹೇಳಿದರೆ ಇದು ಚೆನ್ನಾಗಿ ಒಪ್ಪುತ್ತದೆ. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರು ಹೆಲ್ಮೆಟ್ ಎಲ್ಲಿ ಅಂದಾಗ ಒಪ್ಪುವುದಿಲ್ಲ. ಅವರಿಗೆ ಕೇಳುವ ಹಕ್ಕು ನಿಜವಾಗಿಯೂ ಇದೆ, ದಂಡ ಹಾಕುವ ಹಕ್ಕೂ ಇದೆ!

ಏಕವಚನ ಬಳಸೋಕೆ ಸಂಕೋಚವಾ? “ತಾವ್ಯಾವ ದೊಣ್ಣೆನಾಯಕರು ಸ್ವಾಮಿ?” ಅನ್ನಿ. ಇನ್ನೂ ಜಾಸ್ತಿ ಚುಚ್ಚುತ್ತದೆ.