ಉಗುರಿನ ಬುಡದ ಪೊರೆ

ಅಧ್ಯಕ್ಷರೇ, ಮಹಿಳಾ ಮಂಡಲದ ಸದಸ್ಯರೇ, ಅಡಿಕೆ ಸುಲಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿರುವ ಎಲ್ಲ ಅಕ್ಕತಂಗಿಯರೇ,

ಚರ್ಮದ ವೈದ್ಯೆಯಾದ ನಾನು ಮೊಡವೆಯ ಬಗ್ಗೆಯೋ ಕೂದಲು ಉದುರುವುದರ ಬಗ್ಗೆಯೋ ಮಾತನಾಡಿದರೆ ಚೆನ್ನ ಎಂದು ನಿಮ್ಮ ಕಾರ್ಯದರ್ಶಿಗಳು ಸೂಚಿಸಿದ್ದರು. ಹಟ ಹಿಡಿದು ಉಗುರನ್ನು ಆರಿಸಿಕೊಂಡವಳು ನಾನೇ. ಕಳೆದ ತಿಂಗಳು ಒಂದೇ ಮದುವೆಮನೆಯ ಮೂವರು, ಮುನ್ನಾದಿನ ಕೈಗೆ ಮ್ಯಾನಿಕ್ಯೂರ್ ಮಾಡಿಸಿಕೊಂಡು, ವಾರ ಕಳೆಯುವುದರೊಳಗೆ ಕೀವು ತುಂಬಿದ ಬೆರಳು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಮೂವರಿಗೂ ಉಗುರಿನ ಬುಡದ ಪೊರೆಯನ್ನು ಕೊಳೆಯೆಂದು ಕತ್ತರಿಸಿ ತೆಗೆಯಲಾಗಿತ್ತು.

ಆ ಪೊರೆಯನ್ನು ಕ್ಯೂಟಿಕಲ್ ಎನ್ನುತ್ತಾರೆ. ನಾನು ಬೆಳೆದ ಮನೆಯಲ್ಲಿ ಅದಕ್ಕೊಂದು ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಕತ್ತರಿಸಬೇಕೆಂದು ಯಾರಿಗೂ ತೋಚಿರಲೂ ಇಲ್ಲ. ಉಗುರಿಗೂ ಅದರ ಬುಡದ ಚರ್ಮದ ಮಡಿಕೆಗೂ ನಡುವೆ ಒಂದು ಸಂದು ಇರುತ್ತದೆ. ಆ ಸಂದಿನೊಳಗೆ ನೀರು, ಸೋಪು, ರೋಗಾಣು ಇಳಿಯದಂತೆ ಈ ಪೊರೆ ಉಗುರಿಗೆ ಅಂಟಿಕೊಂಡು ಮುಚ್ಚಿರುತ್ತದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ನೀವು ಬಿಗಿಯಾಗಿ ಬಟ್ಟೆ ಕಟ್ಟುತ್ತೀರಲ್ಲ, ಅದರದೂ ಅದೇ ಕೆಲಸ. ಭರಣಿಗೆ ನೀರು ತಾಗಿದರೆ ಬೂಷ್ಟು ಹಿಡಿಯುತ್ತದೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬಟ್ಟೆಯನ್ನು ನೀವೇ ಕತ್ತರಿಸಿ ಬಿಸಾಡಿ, ಆಮೇಲೆ ಮಾವಿನಮಿಡಿಯನ್ನು ದೂರಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಉಗುರುಸುತ್ತಿಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ನಿಂಬೆಹಣ್ಣು. ನನಗೆ ಹತ್ತು ವರ್ಷವಿದ್ದಾಗ ಬಲಗೈ ತೋರುಬೆರಳಿಗೆ ಉಗುರುಸುತ್ತಾಯಿತು. ಅಜ್ಜಿ ಹಣ್ಣಿನ ತುದಿ ಕೊರೆದು, ಒಳಗೆ ಚಿಟಿಕೆ ಅರಿಶಿನ ಹಾಕಿ, ಬೆರಳಿಗೆ ಟೋಪಿಯಂತೆ ತೊಡಿಸಿ, ಹಳೆಯ ಸೀರೆಯ ಅಂಚಿನಿಂದ ಕಟ್ಟಿ ಶಾಲೆಗೆ ಕಳುಹಿಸಿದರು. ಮೇಷ್ಟ್ರು ಮಗ್ಗಿ ಬರೆಯಲು ಹೇಳಿದಾಗ ನಾನು ಹಳದಿ ಬೆರಳನ್ನು ಎತ್ತಿ ತೋರಿಸಿದೆ. ಅವರು ಮರುಮಾತಿಲ್ಲದೆ ಕೂರಿಸಿದರು. ಮರುದಿನ ತರಗತಿಯಲ್ಲಿ ಇನ್ನೂ ಮೂವರು ನಿಂಬೆಹಣ್ಣು ತೊಟ್ಟು ಬಂದಿದ್ದರು, ಅವರಲ್ಲೊಬ್ಬ ಎರಡು ಬೆರಳಿಗೆ. ಮೇಷ್ಟ್ರು ಅಷ್ಟೂ ಹಣ್ಣು ಬಿಚ್ಚಿಸಿ ಮಧ್ಯಾಹ್ನ ಪಾನಕ ಮಾಡಿಸಿದರೆಂದು ನನ್ನ ತಮ್ಮ ಇಂದಿಗೂ ಹೇಳುತ್ತಾನೆ; ನಾನಂತೂ ಕುಡಿಯಲಿಲ್ಲ.

ವೈದ್ಯೆಯಾದ ಮೇಲೆ ಈ ಮದ್ದಿನ ಬಗ್ಗೆ ಬಹಳ ಯೋಚಿಸಿದ್ದೇನೆ. ನಿಂಬೆಹುಳಿ ಒಳಗಿನ ಕೀವನ್ನು ಎಳೆಯುವುದಿಲ್ಲ. ಒಡೆದ ಚರ್ಮಕ್ಕೆ ತಾಗಿದರೆ ಉರಿ ಮಾತ್ರ ಹೆಚ್ಚುತ್ತದೆ. ಆದರೆ ಬೆರಳಿಗೆ ನಿಂಬೆಹಣ್ಣು ತೊಟ್ಟ ಹೆಂಗಸಿನ ಕೈಯಲ್ಲಿ ಮುಸುರೆ ಪಾತ್ರೆ ತಿಕ್ಕಿಸಲು ಯಾವ ಅತ್ತೆಗೂ ಆಗುವುದಿಲ್ಲ. ಎರಡು ದಿನ ಬೆರಳು ನೀರಿನಿಂದ ದೂರ ಉಳಿಯುತ್ತದೆ. ಗುಣ ಏನಾದರೂ ಇದ್ದರೆ ಅದು ಅಲ್ಲಿದೆ. ಊತ ಆರಂಭವಾದಾಗ ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳಿಟ್ಟು ಚೆನ್ನಾಗಿ ಒರೆಸಿಕೊಳ್ಳಿ. ಕೀವು ಕಂಡರೆ ಸೂಜಿ ಚುಚ್ಚದೆ ವೈದ್ಯರಲ್ಲಿಗೆ ಹೋಗಿ.

ಆರು ವಾರ ಕಳೆದರೂ ಊತ ಇಳಿಯದಿದ್ದರೆ ಅದು ಬೇರೆಯೇ ಬಗೆಯ ಉಗುರುಸುತ್ತು. ದಿನವಿಡೀ ಕೈ ನೆನೆಯುವವರಲ್ಲಿ ಪೊರೆ ತಾನಾಗಿಯೇ ಸವೆದುಹೋಗಿ, ಭರಣಿಯ ಬಾಯಿ ತೆರೆದೇ ಇರುತ್ತದೆ. ಇದನ್ನು ಬಹುಕಾಲ ಬರಿಯ ಶಿಲೀಂಧ್ರದ ಸೋಂಕೆಂದು ತಿಳಿಯಲಾಗಿತ್ತು. ನೀರು ಸೋಪುಗಳ ಕೆರಳಿಕೆಯೇ ಮುಖ್ಯ ಕಾರಣವೆಂದು ಈಗ ಒಪ್ಪಲಾಗಿದೆ. ಆದ್ದರಿಂದ ಮುಲಾಮು ಎಷ್ಟೇ ಹಚ್ಚಿದರೂ ಕೈ ಒಣಗಿರದಿದ್ದರೆ ಗುಣವಾಗದು. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಅದರೊಳಗೆ ತೆಳುವಾದ ಹತ್ತಿಯ ಗ್ಲೌಸ್ ಇರಲಿ. ಬರಿಯ ರಬ್ಬರಿನೊಳಗೆ ಕೈ ಬೆವತು ಮತ್ತೆ ಅದೇ ಕಥೆಯಾಗುತ್ತದೆ. ರಾತ್ರಿ ಮಲಗುವ ಮುನ್ನ ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ ಅನ್ನೋ ಹಚ್ಚಿ ತಿಕ್ಕಿಕೊಳ್ಳಿ. ಅಡಿಕೆಯ ಚೊಗರು ಹೋಗಲೆಂದು ಉಗುರಿನ ಬುಡವನ್ನು ಕಲ್ಲಿನಿಂದ ಉಜ್ಜಬೇಡಿ, ಅದು ದಿನ ಕಳೆದಂತೆ ತಾನೇ ಹೋಗುತ್ತದೆ. ಸುಲಿಯಲು ಕೂರುವ ಮೊದಲೇ ಎಣ್ಣೆ ಹಚ್ಚಬಹುದೇ ಎಂದು ಒಬ್ಬರು ಕೇಳಿದ್ದರು. ಉಗುರಿನ ಬುಡಕ್ಕಷ್ಟೇ ಹಚ್ಚಿ. ಅಂಗೈಗೆ ಹಚ್ಚಿಕೊಂಡು ಮೆಟ್ಟುಗತ್ತಿಯ ಮುಂದೆ ಕೂತರೆ ನೀವು ನನ್ನ ಬಳಿಗಲ್ಲ, ಹೊಲಿಗೆ ಹಾಕುವವರ ಬಳಿಗೆ ಹೋಗಬೇಕಾಗುತ್ತದೆ.

ಎಷ್ಟು ದಿನ ಹಚ್ಚಬೇಕು ಎಂಬ ಪ್ರಶ್ನೆಗೆ ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯರು ಉತ್ತರ ಕೊಟ್ಟಿದ್ದಾರೆ. ಅವರು ಪ್ರತಿ ತಿಂಗಳು ತಮ್ಮ ಎಡ ಹೆಬ್ಬೆರಳಿನ ಉಗುರಿನ ಮೇಲೆ, ಇದೇ ಪೊರೆಯ ಅಂಚಿಗೆ ಸರಿಯಾಗಿ, ಒಂದು ಗೆರೆ ಕೊರೆದು, ಅದು ತುದಿ ಮುಟ್ಟುವವರೆಗಿನ ದಿನಗಳನ್ನು ಎಣಿಸುತ್ತಾ 35 ವರ್ಷ ಕಳೆದು, 1980ರಲ್ಲಿ ಲೆಕ್ಕ ಒಪ್ಪಿಸಿದರು. ಮೂವತ್ತೆರಡರ ಹರೆಯದಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು ಅರುವತ್ತೇಳರಲ್ಲಿ 0.095ಕ್ಕೆ ಇಳಿದಿತ್ತು. ಅವರ ಮನೆಯವರು ಈ ಗೆರೆಗಳನ್ನು ಹೇಗೆ ಸಹಿಸಿದರೋ! ನಮಗೆ ಬೇಕಾದ ಮಾತು ಇಷ್ಟು: ಕೈಯ ಉಗುರು ಪೂರ್ತಿ ಹೊಸದಾಗಲು ಸುಮಾರು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ವರ್ಷದಿಂದ ಒಂದೂವರೆ ವರ್ಷ. ಮೂರು ದಿನ ಎಣ್ಣೆ ಹಚ್ಚಿ ಗುಣ ಕಾಣಲಿಲ್ಲವೆಂದು ಬಿಡುವವರು ಉಗುರಿನ ಪಂಚಾಂಗವನ್ನು ನೋಡಿಯೇ ಇಲ್ಲ.

ಕಾಫಿ ಆರುತ್ತಿದೆಯೆಂದು ಅಧ್ಯಕ್ಷರಿಂದ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಉಗುರಿನ ಪಕ್ಕ ಎದ್ದ ಚರ್ಮದ ಸಿಗುರನ್ನು ಹಲ್ಲಿನಿಂದ ಕಚ್ಚಿ ಎಳೆಯದೆ ಶುಚಿಯಾದ ಕತ್ತರಿಯಿಂದ ಬುಡದಲ್ಲಿ ತುಂಡರಿಸಿ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸಿಕೊಳ್ಳಿ. ಕಾಲಿನ ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿ. ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿದವರು ಬ್ಲೇಡು ಮುಟ್ಟಲೇಬೇಡಿ. ಉಗುರಿನ ಮೇಲಿನ ಬಿಳಿ ಚುಕ್ಕೆ ಸಾಮಾನ್ಯವಾಗಿ ಹಿಂದೆಂದೋ ಬಿದ್ದ ಸಣ್ಣ ಪೆಟ್ಟಿನ ಗುರುತೇ ಹೊರತು ಕ್ಯಾಲ್ಸಿಯಂ ಕೊರತೆಯಲ್ಲ. ಆದರೆ ಉಗುರು ಚಮಚದಂತೆ ಗುಳಿಬಿದ್ದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಡಿಮೆಯಿರಬಹುದು.

ಕಾಫಿಯ ನಂತರ ಅರ್ಧ ಗಂಟೆ ಇಲ್ಲೇ ಇರುತ್ತೇನೆ. ಬೆರಳು ತೋರಿಸಬೇಕೆಂದಿರುವವರು ಉಗುರುಬಣ್ಣ ಅಳಿಸಿಕೊಂಡು ಬನ್ನಿ. ಬಣ್ಣದ ಕೆಳಗೆ ಏನಿದೆಯೆಂಬುದು ನನಗೆ ಕಾಣುವುದಿಲ್ಲ.