ಹರೂನ್ ಫರೋಕಿ: ಚಿತ್ರಗಳನ್ನು ಓದಿದ ನಿರ್ದೇಶಕ

ನಮಸ್ಕಾರ. ಪ್ರಬಂಧ-ಸಿನಿಮಾ, ಅಂದರೆ ಕಥೆಯ ಬದಲು ವಿಚಾರವೊಂದನ್ನು ಬೆಳೆಸುವ ಸಿನಿಮಾ, ನಿರೂಪಕನ ಅಭಿಪ್ರಾಯಕ್ಕೆ ದೃಶ್ಯಗಳನ್ನು ಹೊಂದಿಸುವ ಕೆಲಸ ಎಂದು ಈಗ ಅನೇಕರು ಭಾವಿಸಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಜರ್ಮನಿಯ ಹರೂನ್ ಫರೋಕಿ ಸುಮಾರು ಐದು ದಶಕ ಮಾಡಿದ್ದು ಇದರ ವಿರುದ್ಧದ ಕೆಲಸವನ್ನು: ಮೊದಲು ಚಿತ್ರವನ್ನು ತಾಳ್ಮೆಯಿಂದ ನೋಡುವುದು, ಆಮೇಲೆ ಅದು ಹೇಳಗೊಟ್ಟಷ್ಟನ್ನು ಮಾತ್ರ ಹೇಳುವುದು.

1944ರಲ್ಲಿ ಹುಟ್ಟಿದ ಫರೋಕಿಯವರ ತಂದೆ ಭಾರತದಿಂದ ಜರ್ಮನಿಗೆ ಹೋದವರು. ಬಾಲ್ಯದ ಕೆಲವು ವರ್ಷಗಳನ್ನು ಭಾರತ ಮತ್ತು ಇಂಡೊನೇಷ್ಯಾಗಳಲ್ಲಿ ಕಳೆದ ಅವರು 1966ರಲ್ಲಿ ಬರ್ಲಿನ್‌ನ ಚಲನಚಿತ್ರ ಅಕಾಡೆಮಿಗೆ ಸೇರಿದರು. ಎರಡು ವರ್ಷಗಳಲ್ಲೇ, ವಿದ್ಯಾರ್ಥಿ ಚಳವಳಿಯ ನಡುವೆ, ಅಕಾಡೆಮಿ ಅವರನ್ನು ಹೊರಹಾಕಿತು. ವಿಯೆಟ್ನಾಂ ಯುದ್ಧದಲ್ಲಿ ಬಳಸಿದ, ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ ಎಂಬ ಅಸ್ತ್ರದ ಕುರಿತ 1969ರ ‘ಆರಿಸಲಾಗದ ಬೆಂಕಿ’ಯಲ್ಲಿ ಅವರು ಸುಟ್ಟ ದೇಹಗಳನ್ನು ತೋರಿಸುತ್ತಾ ಆರಂಭಿಸುವುದಿಲ್ಲ, ಏಕೆಂದರೆ ತೋರಿಸಿದರೆ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಬದಲಿಗೆ ಉರಿಯುವ ಸಿಗರೇಟನ್ನು ತಮ್ಮ ಮುಂಗೈಗೇ ಒತ್ತಿಕೊಳ್ಳುತ್ತಾರೆ. ಸಿಗರೇಟಿನ ಉಷ್ಣತೆ 400 ಡಿಗ್ರಿ, ನೇಪಾಮ್‌ನದು 3,000 ಎಂದು ಹಿನ್ನೆಲೆಯ ದನಿ ತಿಳಿಸುತ್ತದೆ.

ಅವರ ಅತ್ಯುತ್ತಮ ಕೃತಿ ಎಂದು ನಾನು ಎಣಿಸುವುದು 1988ರ ‘ಜಗತ್ತಿನ ಚಿತ್ರಗಳು ಮತ್ತು ಯುದ್ಧದ ಬರಹ’ವನ್ನು. 1944ರ ಏಪ್ರಿಲ್ 4ರಂದು ಮಿತ್ರಪಡೆಗಳ ವಿಮಾನವೊಂದು ಜರ್ಮನಿಯ ರಾಸಾಯನಿಕ ಕಂಪನಿ ಐ.ಜಿ. ಫಾರ್ಬೆನ್‌ನ ಕಾರ್ಖಾನೆಯ ಚಿತ್ರ ತೆಗೆಯುವಾಗ ಆಶ್‌ವಿಟ್ಜ್ ಎಂಬ ನಾಜಿಗಳ ಸಾವಿನ ಶಿಬಿರವೂ ಅದರೊಳಗೆ ಸೆರೆಯಾಯಿತು. ವಿಶ್ಲೇಷಕರು ಕಾರ್ಖಾನೆಯನ್ನು ಗುರುತಿಸಿದರು, ಶಿಬಿರವನ್ನು ಗುರುತಿಸಲಿಲ್ಲ. ಅದನ್ನು ಹುಡುಕಲು ಯಾರೂ ಅವರಿಗೆ ಹೇಳಿರಲಿಲ್ಲ. 1977ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಇಬ್ಬರು ನೌಕರರು ಅದೇ ಚಿತ್ರಗಳನ್ನು ಮತ್ತೆ ತೆಗೆದು ನೋಡಿದಾಗ ಅನಿಲ ಕೋಣೆಗಳು ಕಂಡವು. ಫರೋಕಿ ಇಲ್ಲಿ ಆಕ್ರೋಶದಿಂದ ಮಾತನಾಡುವುದಿಲ್ಲ. ಕಣ್ಣೆದುರೇ ಇದ್ದದ್ದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಹಿಡಿದು ಆ ಚಿತ್ರಗಳಿಗೆ ಮತ್ತೆ ಮತ್ತೆ ಮರಳುತ್ತಾರೆ.

ಇಂಥ ಸಿನಿಮಾಗಳಿಂದ ಜೀವನ ನಡೆಯುವುದು ಹೇಗೆ? ಒಂದು ಹಂತದ ತ್ಯಾಜ್ಯವನ್ನು ಇನ್ನೊಂದಕ್ಕೆ ಬಳಸುವ ಉಕ್ಕಿನ ಉದ್ಯಮವನ್ನು ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ಸಂಶೋಧನೆಯ ಖರ್ಚು ರೇಡಿಯೊ ಕಾರ್ಯಕ್ರಮದಿಂದ ಹುಟ್ಟುತ್ತಿತ್ತು, ಓದಿದ ಪುಸ್ತಕ ವಿಮರ್ಶೆಯಾಗುತ್ತಿತ್ತು, ಆಗ ಗಮನಿಸಿದ್ದು ಟಿವಿ ಚಿತ್ರಕ್ಕೆ ಸೇರುತ್ತಿತ್ತು. ‘ಫಿಲ್ಮ್‌ಕ್ರಿಟಿಕ್’ ಪತ್ರಿಕೆಯ ಸಂಪಾದನೆ, ಅಧ್ಯಾಪನ, ತಮ್ಮ ಶಿಷ್ಯ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರ ಕಥಾಚಿತ್ರಗಳಿಗೆ ಬರವಣಿಗೆಯ ನೆರವು, ಎಲ್ಲವೂ ಇದ್ದವು. ಸ್ವತಂತ್ರ ಕಲಾವಿದನಿಗೆ ಇದು ಅವಮಾನವಲ್ಲ, ಬುದ್ಧಿವಂತಿಕೆ.

1990ರ ದಶಕದಿಂದ ಅವರ ಕೆಲಸ ಕಲಾ ಗ್ಯಾಲರಿಗಳತ್ತ ಸಾಗಿತು. ಅಲ್ಲಿಯೂ ಅವರ ಕಣ್ಣು ಮಂಕಾಗಲಿಲ್ಲ: ಸೈನಿಕರನ್ನು ಯುದ್ಧಕ್ಕೆ ಅಣಿಗೊಳಿಸುವ ಕಂಪ್ಯೂಟರ್ ದೃಶ್ಯಗಳಲ್ಲಿ ವಸ್ತುಗಳಿಗೆ ನೆರಳಿದೆ, ಯುದ್ಧದ ಆಘಾತಕ್ಕೆ ಚಿಕಿತ್ಸೆ ನೀಡುವ ಅಗ್ಗದ ದೃಶ್ಯಗಳಲ್ಲಿ ನೆರಳಿಲ್ಲ ಎಂಬುದನ್ನು ಅವರ ವಿಡಿಯೊ ಸರಣಿ ‘ಗಂಭೀರ ಆಟಗಳು’ ಅಕ್ಕಪಕ್ಕ ಇಟ್ಟು ತೋರಿಸಿತು. ಆದರೂ ಗ್ಯಾಲರಿಯಲ್ಲಿ ನೋಡುಗರು ನಡುವೆ ಬಂದು ನಡುವೆಯೇ ಹೊರಡುತ್ತಾರೆ. 2014ರಲ್ಲಿ ತೀರಿಕೊಂಡ ಫರೋಕಿಯವರ ಪ್ರಬಂಧ-ಸಿನಿಮಾಗಳಲ್ಲಿ ಆರಂಭದಲ್ಲಿ ಕಂಡ ದೃಶ್ಯವೊಂದು ಕೊನೆಗೆ ಬೇರೆಯದೇ ಅರ್ಥ ಪಡೆಯುವುದರಿಂದ, ಅವು ಮತ್ತೆ ಟಿವಿಗೆ, ಮನೆಯ ಪರದೆಗೆ ಬರಬೇಕು ಎಂಬುದು ನನ್ನ ಆಗ್ರಹ.